ಬೆನ್ನು ಮಾಡಿ ಕೂತವಳು

ಇಪ್ಪತ್ತು ವರ್ಷ, ಪ್ರತಿ ಶನಿವಾರ ಸಂಜೆ, ಜೆಸ್ಸಿ ಕ್ಲಬ್ಬಿನಲ್ಲಿ ಪಿಯಾನೊ ನುಡಿಸಿದಳು, ಕುಣಿಯುವ ಜೋಡಿಗಳಿಗೆ ಬೆನ್ನು ಮಾಡಿ. ಒಮ್ಮೆಯೂ ತಿರುಗಿ ನೋಡಿದವಳಲ್ಲ. ಗಂಡ ಸೊಲೊಮನ್‌ಗೆ ಆ ಬೆನ್ನೇ ದೊಡ್ಡ ಅನುಕೂಲವಾಗಿತ್ತು.

ಮನೆಯಿಂದ ಹೊರಡುವ ಮುಂಚೆ ಅವನು ಕೇಳಿಕೊಳ್ಳುತ್ತಿದ್ದುದು ಒಂದೇ, ಜೋಡಿ ಕುಣಿತದ ಧಾಟಿಯ ಒಂದು ಫ್ರೆಂಚ್ ವಾಲ್ಟ್ಜ್ ನುಡಿಸು ಎಂದು.

"ಅದು ಕುಣಿಯೋಕಲ್ಲ ರೀ. ಹೋಟೆಲಲ್ಲಿ ಜನ ಕುಣಿಯೋ ವಾಲ್ಟ್ಜ್ ಕೇಳಿ, ಸಂಗೀತಗಾರ ಅದನ್ನ ನಿಧಾನ ಮಾಡಿ ಬರೆದದ್ದು. ಕೂತು ಕೇಳಬೇಕು."

"ಕೂತೇ ಕೇಳ್ತೀನಲ್ಲ, ಇಸ್ಪೀಟ್ ರೂಮಲ್ಲಿ!"

ಆದರೆ ಆ ನಿಧಾನ ಲಯಕ್ಕೆ ಕ್ಲಬ್ಬಿನ ಗೆಳತಿ ಲಿಲಿಯನ್‌ಳ ಸೊಂಟ ಬಳಸಿ, ಕೆನ್ನೆಗೆ ಕೆನ್ನೆ ತಾಗಿಸಿ ಸುತ್ತುವುದನ್ನು ಅವನು ಒಂದು ಶನಿವಾರವೂ ತಪ್ಪಿಸಿರಲಿಲ್ಲ. ಕ್ಲಬ್ಬಿನವರೆಲ್ಲ ಕಂಡೂ ಬಾಯಿ ಮುಚ್ಚಿಕೊಂಡಿದ್ದರು.

ಜೆಸ್ಸಿಗೆ ಒಂದೇ ಗೀಳು. ನುಡಿಸುವ ಮೊದಲು ಉಂಗುರ ತೆಗೆದಿಟ್ಟು, ಪಿಯಾನೊದ ಕೀಲಿಗಳ ಮೇಲೆ ನೆಟ್ಟಗೆ ನಿಂತ ಕರಿ ಹಲಗೆಯನ್ನು ತಾನೇ ಉಜ್ಜುವುದು.

"ಜವಾನ ಒರೆಸಲ್ವೇನೇ?" ಎಂದು ಸೊಲೊಮನ್ ಒಮ್ಮೆ ಕೇಳಿದ್ದ.

"ಅವನು ಒರೆಸಿದ್ರೆ ಮಬ್ಬಾಗೇ ಇರುತ್ತೆ."

ಬೆರಳುಗಳು ಬಾತು, ಇನ್ನು ನುಡಿಸಲಾರೆ ಎಂದ ಕೊನೆಯ ಶನಿವಾರ, ಫ್ರೆಂಚ್ ವಾಲ್ಟ್ಜ್ ಮುಗಿಸಿ ಜೆಸ್ಸಿ ಗಂಡನ ಜೊತೆ ಬಾಗಿಲವರೆಗೆ ಬಂದು ನಿಂತಳು.

"ಮದುವೆ ಉಂಗುರ ಪಿಯಾನೊ ಮೇಲೇ ಬಿಟ್ಟೆ. ನೀವೇ ಹೋಗಿ ತನ್ನಿ."

"ಎಲ್ಲಿಟ್ಟಿದ್ದೀಯ?"

"ನನ್ನ ಸ್ಟೂಲ್ ಮೇಲೆ ಕೂತು ನೋಡಿ, ಕಾಣುತ್ತೆ."

ಸೊಲೊಮನ್ ಹೋಗಿ ಕೂತ. ಉಂಗುರ ಅಲ್ಲೇ ಇತ್ತು. ಅದರ ಹಿಂದೆ, ಫಳಫಳ ಹೊಳೆಯುವ ಕರಿ ಹಲಗೆಯಲ್ಲಿ, ಕುಣಿತದ ನೆಲವೆಲ್ಲ ಕಾಣುತ್ತಿತ್ತು. ದೂರದ ಮೂಲೆಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದ ಲಿಲಿಯನ್‌ಳ ಕಿವಿಯ ಕೆಂಪು ಹರಳು ಕೂಡ.