ಆರನೆಯ ನಿಯಮ

ಸ್ಟ್ರೆಚರ್ ಮಂಚಕ್ಕೆ ತಾಗುತ್ತಿದ್ದಂತೆ ಲೀಲಮ್ಮ ಎರಡೂ ಕೈಗಳಿಂದ ಮಂಚದ ಕಂಬಿ ಹಿಡಿದುಕೊಂಡರು. "ನಾನು ಹೋಗೋದಿಲ್ಲ."

"ಜಿದ್ದು ಮಾಡಬೇಡಿ ಮಾತಾಜಿ. ನೂರಾ ಎರಡು ಜ್ವರ. ಮಧ್ಯಾಹ್ನ ನನ್ನನ್ನೇ ಅಂಡರ್ ಸೆಕ್ರೆಟರಿ ಸಾಹೇಬರೇ ಅಂದ್ರಿ! ಇಲ್ಲಿ ಏನಾದರೂ ಆದರೆ ನನ್ನ ತಲೆಗೆ ಬರುತ್ತೆ," ಎಂದ ತ್ಯಾಗಿ. ಘಾಜಿಯಾಬಾದಿನ ಆ ವೃದ್ಧಾಶ್ರಮಕ್ಕೆ ಅವನೇ ಮ್ಯಾನೇಜರ್. ಗೇಟಿನಲ್ಲಿ ಆಂಬುಲೆನ್ಸ್ ಎಂಜಿನ್ ಆರಿಸದೆ ನಿಂತಿತ್ತು.

ಕಳೆದ ಚಳಿಗಾಲದಲ್ಲಿ ಲೀಲಮ್ಮ ಹೀಗೆಯೇ ಹೋಗಿದ್ದರು. ತುರ್ತು ವಿಭಾಗದ ಕಾರಿಡಾರಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಹತ್ತೊಂಬತ್ತು ಗಂಟೆ. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಯಾರೂ ಅವರ ಬಳಿ ನಿಲ್ಲುತ್ತಿರಲಿಲ್ಲ, ಅಷ್ಟೆ. ವಾಪಸ್ಸಾದಾಗ ಬೆನ್ನಿನ ಹುಣ್ಣು ಜೊತೆಗೆ ಬಂತು, ಹಲ್ಲಿನ ಸೆಟ್ಟು ಬರಲಿಲ್ಲ. ಅದೇ ವಾರ ಹೋದ ಪಕ್ಕದ ಮಂಚದಾಕೆ ಬರಲೇ ಇಲ್ಲ. ಮೂರನೆಯ ದಿನ ಆ ಮಂಚಕ್ಕೆ ಹೊಸಬರು ಬಂದರು. ಮುದುಕರು ಗೇಟು ದಾಟಿದರೆ ಅವರ ಹೊಣೆಯೂ ದಾಟಿತು. ಇದಕ್ಕೆ ಈ ಊರಿನಲ್ಲಿ ಆರೈಕೆ ಎಂದು ಹೆಸರು.

"ಅರೆ ರುಕೋ, ರುಕೋ!" ಎನ್ನುತ್ತ ಜಲಜಾ ಒಳಗೆ ಬಂದಳು. ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗಿ. ಆಸ್ಪತ್ರೆಯವರು ಈ ವರ್ಷದಿಂದ ವೃದ್ಧಾಶ್ರಮಗಳಿಗೇ ನರ್ಸನ್ನು ಕಳಿಸತೊಡಗಿದ್ದರು. ಗುರುವಾರ ಸಂಜೆ ಇಲ್ಲಿಗೆ ಅವಳ ಸರದಿ. "ಒಂದು ಫೋನ್ ಮಾಡೋಕೆ ಏನಾಗಿತ್ತು ಭಯ್ಯಾ? ನಮ್ಮ ನಂಬರು ನಿಮ್ಮ ಮೇಜಿನ ಗಾಜಿನ ಕೆಳಗೇ ಇದೆಯಲ್ಲ."

"ಆಂಬುಲೆನ್ಸ್ ಕರೆದರೆ ಯಾರೂ ಪ್ರಶ್ನೆ ಕೇಳಲ್ಲ, ಸಿಸ್ಟರ್."

"ಅಚ್ಛಾ. ಹಾಗಾದ್ರೆ ಈಗ ನಾನು ಕೇಳ್ತೀನಿ."

ಬಿ.ಪಿ. ನೋಡಿದಳು, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದಳು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟಳು. ಮುಂಗೈಯ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟಳು. ಅದು ಇಸ್ತ್ರಿ ಮಾಡಿದ ನೆರಿಗೆಯ ಹಾಗೆ ಎತ್ತಿದಲ್ಲೇ ನಿಂತಿತು. ಫೋನಿನ ಪರದೆಯಲ್ಲಿ ಆಸ್ಪತ್ರೆಯ ಡಾಕ್ಟರ್ ಹರಿಣಿ ಎಲ್ಲ ಕೇಳಿಸಿಕೊಂಡರು, ಲೀಲಮ್ಮನ ನಾಲಗೆ ನೋಡಿದರು, ನಾಲ್ಕು ಮಾತು ಮಾತಾಡಿಸಿದರು. "ಮೈಯಲ್ಲಿ ನೀರೇ ಇಲ್ಲ. ಮೂತ್ರದ ಸೋಂಕು ಇರಬೇಕು, ಜ್ವರ, ತಲೆ ಗೊಂದಲ ಎಲ್ಲ ಅದರದ್ದೇ. ಸ್ಯಾಂಪಲ್ ತಗೊಂಡು ಡ್ರಿಪ್ ಹಾಕು, ಇಂಜೆಕ್ಷನ್ ಶುರು ಮಾಡು. ಬೆಳಿಗ್ಗೆ ನಾನೇ ಬರ್ತೀನಿ. ಇದಕ್ಕೆ ಅವರನ್ನ ಎಳೆದಾಡೋದು ಬೇಡ."

"ಜವಾಬ್ದಾರಿ ಯಾರದು, ಡಾಕ್ಟರ್ ಸಾಬ್?" ತ್ಯಾಗಿ ಕತ್ತು ಚಾಚಿದ.

"ನನ್ನದು. ಬರೆದು ಕಳಿಸ್ತೀನಿ."

ಆಂಬುಲೆನ್ಸಿನ ಸದ್ದು ಬೀದಿ ತಿರುಗಿ ದೂರವಾಯಿತು. ಆಮೇಲೆ ಲೀಲಮ್ಮನ ಬೆರಳುಗಳು ಒಂದೊಂದಾಗಿ ಕಂಬಿಯನ್ನು ಬಿಟ್ಟವು. ಉಸಿರು ಎಷ್ಟು ಉದ್ದಕ್ಕೆ ಹೊರಬಂತೆಂದರೆ ತ್ಯಾಗಿಯೂ ತಿರುಗಿ ನೋಡಿದ.

"ಆಂಟಿ, ನೀರು ಯಾಕೆ ಕುಡಿಯಲ್ಲ ನೀವು?"

ಲೀಲಮ್ಮ ಗೋಡೆ ತೋರಿಸಿದರು. ಅಲ್ಲಿ ಚೌಕಟ್ಟು ಹಾಕಿದ ಹಿಂದಿ ಬೋರ್ಡು. ಜಲಜಾ ಗಟ್ಟಿಯಾಗಿ ಓದಿದಳು. ಆರನೆಯ ನಿಯಮ: ಸಂಜೆ ಐದು ಗಂಟೆಯ ನಂತರ ನಿವಾಸಿಗಳಿಗೆ ನೀರು, ಚಹಾ ಇತ್ಯಾದಿ ಯಾವುದೇ ದ್ರವ ಪದಾರ್ಥವನ್ನು ಒದಗಿಸಲಾಗುವುದಿಲ್ಲ.

"ರಾತ್ರಿಗೆ ಒಬ್ಬಳೇ ಆಯಾ, ಹದಿನೆಂಟು ಜನ," ತ್ಯಾಗಿ ನೆಲ ನೋಡುತ್ತ ಹೇಳಿದ. "ಹಾಸಿಗೆ ಒದ್ದೆಯಾದರೆ ಬದಲಿಸೋರು ಯಾರು?"

"ಐದಕ್ಕೆ ನಿಲ್ಲಿಸಿದರೂ ರಾತ್ರಿ ಬೈಸಿಕೋಬೇಕು," ಎಂದರು ಲೀಲಮ್ಮ. "ಅದಕ್ಕೆ ನಾನು ಮಧ್ಯಾಹ್ನ ಹನ್ನೆರಡಕ್ಕೇ ನಿಲ್ಲಿಸ್ತೀನಿ."

ಜಲಜಾಳ ಮುಖ ಕೆಂಪೇರಿತು. "ಇಷ್ಟು ಚಂದ ಮಾಡಿ ಈ ಪಾಪ ಬರೆದ ಮಹಾನುಭಾವ ಯಾರು?"

ತ್ಯಾಗಿ ಬಾಯಿ ತೆರೆಯುವ ಮೊದಲೇ ಲೀಲಮ್ಮ ಹೇಳಿದರು: "ಕರಡು ನನ್ನದೇ ಕಣೆ."

ಮೂವತ್ತಾರು ವರ್ಷ ದೆಹಲಿಯ ಸಚಿವಾಲಯದಲ್ಲಿ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಿಂದ ಬಸ್ಸು ಹಿಡಿದು ಹೋಗಿ, ಸುತ್ತೋಲೆಗಳನ್ನು ಬರೆದ ಕೈ ಅದು. ಇಲ್ಲಿಗೆ ಬಂದ ಹೊಸದರಲ್ಲಿ ತ್ಯಾಗಿ ಒಂದು ಚೀಟಿ ತಂದು, ಆಫೀಸಿನ ಭಾಷೆಯಲ್ಲಿ ಸರಿಮಾಡಿ ಕೊಡಿ ಮಾತಾಜಿ ಎಂದಿದ್ದ. ಮಾಡಿಕೊಟ್ಟಿದ್ದರು. ಅಲ್ಪವಿರಾಮವೂ ತಪ್ಪಿರಲಿಲ್ಲ.

"ಆಗ ನಾನು ನಡ್ಕೊಂಡೇ ಬಾತ್‌ರೂಮಿಗೆ ಹೋಗ್ತಿದ್ದೆ," ಲೀಲಮ್ಮನ ದನಿ ಸಣ್ಣದಾಯಿತು. "ನಿಯಮ ಬೇರೆಯವರಿಗೆ ಅಂದ್ಕೊಂಡಿದ್ದೆ."

ಜಲಜಾ ಸೂಜಿ ಚುಚ್ಚಿ, ಟೇಪು ಅಂಟಿಸಿ, ಸಲೈನ್ ಬಾಟಲಿ ಹಿಡಿದು ಸುತ್ತ ನೋಡಿದಳು. ಸ್ಟ್ಯಾಂಡ್ ಇರಲಿಲ್ಲ. ಕೈಗೆಟಕುವ ಮೊಳೆ ಇಡೀ ಗೋಡೆಗೆ ಒಂದೇ. ಬೋರ್ಡನ್ನು ಇಳಿಸಿ ತ್ಯಾಗಿಯ ಕೈಗಿತ್ತಳು. ಆ ಮೊಳೆಗೆ ಬಾಟಲಿ ತೂಗುಹಾಕಿದಳು. ಹನಿ ಇಳಿಯತೊಡಗಿತು.

"ಇದನ್ನೆಲ್ಲಿ ಇಡಲಿ?" ತ್ಯಾಗಿ ಕೇಳಿದ.

"ಕರಡು ನನಗೆ ವಾಪಸ್ ಕೊಡಿ ತ್ಯಾಗಿಜಿ, ತಿದ್ದೋದಿದೆ. ರಾತ್ರಿಗೆ ಇಬ್ಬರು ಆಯಾಗಳು ಅಂತ ಮೊದಲು ಬರೀತೀನಿ," ಎಂದರು ಲೀಲಮ್ಮ. ತುಟಿಯಲ್ಲಿ ನಗು ಬಂದಿತ್ತು. "ಅದಿರಲಿ, ಒಂದು ಲೋಟ ನೀರು ತನ್ನಿ."

ಗಡಿಯಾರದಲ್ಲಿ ಐದು ಗಂಟೆ ಹತ್ತು ನಿಮಿಷ. ತ್ಯಾಗಿ ಒಮ್ಮೆ ಅದನ್ನು ನೋಡಿದ, ಒಮ್ಮೆ ಜಲಜಾಳನ್ನು ನೋಡಿದ. ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ನೀರು ತರಲು ಹೋದ.