ಸಾಕು ಅಂದವಳ ಮಗಳು

ಸಾಂಬ್ರಾಣಿ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಉಮ್ಮತ್ತೂರಿನಲ್ಲಿ ಆ ಮಧ್ಯಾಹ್ನ ಪಕ್ಕದ ಮನೆಯ ನಿಂಗಮ್ಮತ್ತೆಯ ಐದನೇ ಕೂಸಿಗೆ ನೀರು ಹಾಕಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಹೊಗೆ ಹಿಡಿದಿದ್ದರು. ಬೆಚ್ಚಗಿನ ಆ ಕೂಸನ್ನು ಅವಳ ಹಿರಿಮಗಳು ಗೌರಿ ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ನನ್ನ ಕ್ಲಾಸಿನವಳು, ಅವಳವ್ವನ ಹೆರಿಗೆಯಾದಂದಿನಿಂದ ಶಾಲೆಗೆ ಬಂದಿರಲಿಲ್ಲ. ನಾನು ಕೈ ಚಾಚಿದೆ. “ಕೊಡಕ್ಕಿಲ್ಲ, ಇದು ನಮ್ಮನೆ ಕೂಸು ಕಣಮ್ಮಿ” ಅಂದಳು.

ನಮ್ಮ ಮನೆಯಲ್ಲಿ ನಾನೇ ಕೊನೆಯವಳು. ಪಕ್ಕದಲ್ಲಿ ಕೂತಿದ್ದ ಅವ್ವನ ಸೆರಗು ಜಗ್ಗಿದೆ. “ನಮ್ಗೂ ಒಂದು ಕೂಸು ಬೇಕು ಕಣವ್ವ.”

“ಇನ್ನೆಲ್ಲಿ ಕೂಸು? ನೀನು ಉಟ್ಟಾಗ್ಲೇ ಚಾಮರಾಜನಗರದ ಆಸ್ಪತ್ರೇಲಿ ಆಪರೇಷನ್ ಮಾಡಿಸ್ಕಂಡೆ. ಸಂತಾನ ನಿಯಂತ್ರಣ ಅಂತ ಗೋಡೆ ಮೇಲೆ ಬರ್ದಿರ್ತಾರಲ್ಲ, ಅದೇ.”

“ಅಂಗಂದ್ರೆ?”

“ಇಷ್ಟು ಸಾಕು ಅಂತ ನಾವೇ ಅನ್ನೋದು. ನಾನು ಸಾಕು ಅಂದೆ, ನಿಮ್ಮಪ್ಪನೂ ಊಂ ಅಂದ್ರು.”

ನನಗೆ ಅಳುವೇ ಬಂತು. ಗೌರಿಯ ಅವ್ವನಿಗೆ ಇನ್ನೆಷ್ಟು ಬೇಕಾದರೂ ಆಗುತ್ತವೆ, ನನ್ನ ಅವ್ವನೊಬ್ಬಳೇ ಅಂಗಡಿ ಮುಚ್ಚಿ ಕೂತಿದ್ದಾಳೆ!

ಚಾಪೆಯ ಮೇಲೆ ಮಲಗಿದ್ದ ನಿಂಗಮ್ಮತ್ತೆ ತಲೆಗೆ ಕಟ್ಟಿದ್ದ ಬಟ್ಟೆ ಸರಿಸಿ ಅವ್ವನನ್ನೇ ನೋಡಿದಳು. “ನಿನ್ನ ಗಂಡ ಊಂ ಅಂದ್ನಲ್ಲಕ್ಕ” ಎಂದು ಗೋಡೆಯ ಕಡೆ ತಿರುಗಿಕೊಂಡಳು.

ಅಷ್ಟರಲ್ಲಿ ಶಾಲೆಯ ಮಧ್ಯಾಹ್ನದ ಬೆಲ್ಲು ಹೊಡೆಯಿತು. ಮುಖ ಊದಿಸಿಕೊಂಡೇ ಎದ್ದು ಬ್ಯಾಗನ್ನು ಹೆಗಲಿಗೇರಿಸಿದೆ. ಗೌರಿ ಬ್ಯಾಗನ್ನೇ ನೋಡುತ್ತಿದ್ದಳು. ಆಮೇಲೆ ಕೂಸನ್ನು ಎರಡೂ ಕೈಯಲ್ಲಿ ನನ್ನತ್ತ ಚಾಚಿದಳು.

“ತಕ್ಕೋ, ಎತ್ಕೋ. ಬ್ಯಾಗು ನಂಗೆ ಕೊಡು.”