ಚಿಕ್ಕಮ್ಮ ಕೂತ ಕಂಬಳಿ

ಕುರಿ ಉಣ್ಣೆಯ ವಾಸನೆ ಬಂದರೆ ಈಗಲೂ ಬಿಳಿಚೋಡಿನ ಆ ಮಧ್ಯಾಹ್ನ ನೆನಪಾಗುತ್ತದೆ. ವಿಧಾನಸಭೆಗೆ ಸ್ಪರ್ಧಿಸಿದ್ದ ನನ್ನ ಚಿಕ್ಕಮ್ಮನನ್ನು ಅವಳ ತವರಿನ ಜನರಿಗೆ ಪರಿಚಯಿಸುವ ಸಭೆ ಅದು. ಅಭ್ಯರ್ಥಿಗೆಂದು ಕಟ್ಟೆಯ ಮೇಲೆ ಹಾಸಿದ್ದ ಒರಟು ಕರಿ ಕಂಬಳಿಯಲ್ಲಿ ಹಿರಿಯರು ರೂಢಿಯಂತೆ ಚಿಕ್ಕಪ್ಪನನ್ನು ಕೂರಿಸಿ ಹಾರ ಹಾಕಿದರು. ಚಿಕ್ಕಮ್ಮ ಕೆಳಗೆ ನಿಂತಿದ್ದಳು. ಮೈಕಿನವನು "ನಮ್ಮೂರ ಅಳಿಯಂದ್ರು" ಎಂದು ಶುರು ಮಾಡುತ್ತಲೇ ಅಜ್ಜಿ ಎದ್ದಳು.

"ಅಳಿಯಂದ್ರೇ, ಓಟು ಕೇಳಾಕೆ ಬಂದಿರೋದು ನೀವೋ, ನನ್ನ ಮಗಳೋ?"

ಹೆಂಗಸರ ಗುಂಪು ನಕ್ಕಿತು. "ನಮ್ಮ ಕ್ಯಾಂಡಿಡೇಟು ಬಿಸಿಲಾಗೆ ನಿಂತೈತೆ ನೋಡ್ರಿ" ಎಂದು ಒಬ್ಬಳು ದನಿಗೂಡಿಸಿದಳು.

ಚಿಕ್ಕಪ್ಪ ಎದ್ದು, ಹಾರ ತೆಗೆದು ಚಿಕ್ಕಮ್ಮನ ಕೈಗಿತ್ತರು. ಅವಳು ಕಂಬಳಿಯ ನಟ್ಟನಡುವೆ ಕೂತು, ಮೈಕು ಹಿಡಿದು, ಮೊದಲು ತನ್ನ ಹೆಸರು ಹೇಳಿದಳು. ಅದು ಊರಿನ ಕೊನೆಯ ಮನೆವರೆಗೂ ಕೇಳಿಸಿತು.